ಚಾವಿ ಕೊಡಬ್ಯಾಡ್ರಿ, ಚೀಟಿ ಕೊಡ್ರಿ

ಭಾಗ 1/10
ಫೋಟೊ: ಬ್ಯಾಡಗಿ ಮಾರ್ಕೆಟ್ಟು, ಗುರುವಾರ ಮುಂಜಾನೆ. ಕೆಂಪಗ ಕಾಣೋದೆಲ್ಲಾ ಮೆಣಸಿನಕಾಯಿ 🌶️

"ಕಾಕಾ, ಜಿಮೇಲ್ ಪಾಸ್‌ವರ್ಡ್ ವಾಟ್ಸ್ಆ್ಯಪ್ ಮಾಡ್ರಿ. ಒಂದ್ ಓಟಿಪಿ ಬರ್ತೈತಿ, ಅದನ್ನೂ ಹೇಳ್ರಿ."

ಈ ಸಾಲು ಬರೆದವ ಯಾವುದೋ ಊರಿನ ಮೋಸಗಾರ ಅಲ್ಲ, ನಾನು. ಕರ್ಜಗಿ ಸ್ಟೇಷನ್‌ನಾಗ ರೈಲು ಕಾಯ್ತಾ ಕೂತು ಸ್ವಂತ ಕಾಕಾಗ ಕಳಿಸಿದ ಮೆಸೇಜು ಅದು. ಕಾಕಾ ಹತ್ತು ನಿಮಿಷದಾಗ ಎರಡೂ ಕಳಿಸಿದ್ರು. ಮ್ಯಾಲೆ "ಮತ್ತೇನರ ಬೇಕೇನು ತಮ್ಮಾ?" ಅಂತ ಕೇಳಿದ್ರು.

ಕಾಕಾಂದು ಬ್ಯಾಡಗಿಯಲ್ಲಿ ಸಣ್ಣ ದಲಾಲಿ ಅಂಗಡಿ. ಸೋಮವಾರ, ಗುರುವಾರ ಟೆಂಡರ್ ದಿನ ಬಂತಂದ್ರ ಫೋನು ಕೆಳಗ ಇಡಾಕ ಆಗಂಗಿಲ್ಲ. "ಡಬ್ಬಿ ಎಷ್ಟಾತು? ಕಡ್ಡಿ ಎಷ್ಟಾತು?" ಅದೇ ಪ್ರಶ್ನೆ, ಅರವತ್ತು ಮಂದಿ. ನಾನು ಆಗಷ್ಟೇ ಎನ್8ಎನ್ ಕಲಿತಿದ್ದೆ. ಗೊತ್ತಿಲ್ಲದವರಿಗೆ ಹೇಳ್ತೀನಿ: ಒಂದು ಆ್ಯಪ್‌ನಲ್ಲಿ ಏನಾದರೂ ಆದ ಕೂಡಲೇ ಇನ್ನೊಂದು ಆ್ಯಪ್‌ನಲ್ಲಿ ಕೆಲಸ ತಾನಾಗಿ ನಡೆಯುವ ಹಾಗೆ ಜೋಡಿಸುವ ಸಾಧನ ಇದು. ಝೇಪಿಯರ್, ಮೇಕ್ ಇವೂ ಅದೇ ಜಾತಿ. ಕಾಕಾ ಗೂಗಲ್ ಶೀಟ್‌ನಲ್ಲಿ ದರ ಬರೆದರೆ ಸಾಕು, ರೈತರ ಟೆಲಿಗ್ರಾಂ ಚಾನೆಲ್‌ಗೆ ಮೆಸೇಜು ಹೋಗಬೇಕು. ಸಂಜಿಗೆ ಲೆಕ್ಕದ ಪಟ್ಟಿ ಮೇಲ್ ಆಗಬೇಕು. ಎರಡು ದಿನದಾಗ ಮಾಡಿ ಕೊಟ್ಟೆ. ಮನ್ಯಾಗ ಎಲ್ಲಾರೂ "ನಮ್ಮ ಹುಡುಗ ಭಾಳ ಶಾಣ್ಯಾ" ಅಂದ್ರು.

ಈ ಹತ್ತು ಭಾಗದ ಬರಹ ಆ ಶಾಣ್ಯಾನ ವಿರುದ್ಧ. ಬ್ಯಾಸರ ಮಾಡ್ಕೋಬ್ಯಾಡ್ರಿ, ನಮ್ಮ ಕ್ಲಾಸಿನ್ಯಾಗ "ಆಟೊಮೇಷನ್ ಮಾಡಿಕೊಡ್ತೀನಿ" ಅಂತ ಬಯೋದಾಗ ಬರ್ಕೊಂಡ ಎಲ್ಲಾ ಶಾಣ್ಯಾರ ವಿರುದ್ಧ ಕೂಡ.

ಭಾಗ 2/10
ಫೋಟೊ: ಖಾಲಿ ಗೂಡ್ಸ್ ಗಾಡಿ

ಮೂರು ವಾರ ಎಲ್ಲಾ ಚಲೋ ನಡೀತು. ನಾಲ್ಕನೇ ವಾರ, ಗುರುವಾರ, ಮುಂಜಾನೆ ಆರೂವರಿಗೆ ಚಾನೆಲ್‌ನಲ್ಲಿ ಒಂದು ಮೆಸೇಜು ಬಿತ್ತು. ಕಾಕಾನ ಅಂಗಡಿ ಹೆಸರು, ಅದೇ ಅಕ್ಷರ, ಅದೇ ಮೆಣಸಿನಕಾಯಿ ಚಿತ್ರ. "ಇವತ್ತು ಡಬ್ಬಿಗೆ ಭಾರಿ ಬೇಡಿಕೆ" ಅಂತ ಹೇಳಿ, ಹಿಂದಿನ ಸೋಮವಾರದ ದರಕ್ಕಿಂತ ಕ್ವಿಂಟಲ್‌ಗೆ ಎಂಟು ಸಾವಿರ ಹೆಚ್ಚು ಬರೆದಿತ್ತು.

ಕಾಕಾ ಅದನ್ನ ಬರೆದಿರಲಿಲ್ಲ. ನಾನೂ ಬರೆದಿರಲಿಲ್ಲ.

ಬಹಳ ಮಂದಿ ಫೋನ್ ಮಾಡಿ ಕೇಳಿದರು, ಉಳಿದರು. ಒಬ್ಬ ರೈತರು ಕೇಳಲಿಲ್ಲ. ಅವರು ಯಾಕ ಕೇಳಬೇಕು? ಮೂರು ವಾರ ಆ ಚಾನೆಲ್ ಸುಳ್ಳು ಹೇಳಿರಲಿಲ್ಲ. ಒಳ್ಳೆ ದರ ಬರಲಿ ಅಂತ ಮನ್ಯಾಗ ಇಟ್ಟುಕೊಂಡಿದ್ದ ಹದಿನಾಲ್ಕು ಚೀಲ ಹೇರಿಕೊಂಡು, ಗಾಡಿ ಬಾಡಿಗಿ ಮಾಡಿ, ಹತ್ತು ಗಂಟೆಗೆ ಅಂಗಡಿ ಮುಂದ ಬಂದು ನಿಂತರು. ದರ ಅಷ್ಟಿಲ್ಲ ಅಂತ ಗೊತ್ತಾದ ಮ್ಯಾಲೆ ವಾಪಸ್ ಒಯ್ಯಬೇಕಂದ್ರ ಮತ್ತ ಬಾಡಿಗಿ. ಬಂದ ದರಕ್ಕ ಕೊಟ್ಟು ಹೋದರು.

ಅವರು ಜಗಳ ಮಾಡಲಿಲ್ಲ. ಕಾಕಾನ ಕಡೆ ನೋಡಿ "ನಿಮ್ಮ ಹೆಸರಿನ್ಯಾಗ ಬಂದಿತ್ತಲ್ರಿ ಸಾವ್ಕಾರ್ರ, ಅದಕ್ಕ ಬಂದೆ" ಅಂದ್ರು. ಅಷ್ಟೇ.

ಹೆಸರಿನ್ಯಾಗ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿತು, ಅಂದ್ರ ಆ ಹೆಸರನ್ನ ಕಂಡಕಂಡವರು ಬಳಸಬಾರದು ಅಂತ ಕಾನೂನಿನ ರಕ್ಷಣೆ ಬಂತು. ಬೆಳಿಗೆ ಅಷ್ಟು ಕಾವಲು. ಅದನ್ನ ಮಾರೋ ಅಂಗಡಿ ಹೆಸರಿನ್ಯಾಗ ಯಾರು ಬೇಕಾದರೂ ಮಾತಾಡೋ ಹಂಗ ನಾನು ಬಾಗಿಲ ತೆರೆದು ಇಟ್ಟಿದ್ದೆ.

ಭಾಗ 3/10
ಫೋಟೊ: ನನ್ನ ವರ್ಕ್‌ಫ್ಲೋದ ಹಳೇ ಸ್ಕ್ರೀನ್‌ಶಾಟ್. ಈ ಸಲ ಮಸಿ ಬಳಿದೀನಿ

"ಹ್ಯಾಕ್ ಆಗೈತಿ" ಅಂದೆ ನಾನು. ಎಲ್ಲಾರೂ ಹಂಗ ಅಂತಾರ. ಹ್ಯಾಕ್ ಅಂದ ಕೂಡಲೇ ತಪ್ಪು ಎಲ್ಲೋ ದೂರದ, ಕತ್ತಲೆ ಕೋಣೆಯ ಒಬ್ಬನ ಮ್ಯಾಲೆ ಹೋಗಿಬಿಡ್ತದ. ನಾವು ಪಾರು.

ಆದರ ಯಾರೂ ಏನೂ ಒಡೆದಿರಲಿಲ್ಲ. ಆಗಿದ್ದು ಇಷ್ಟು:

ಟೆಲಿಗ್ರಾಂ ಬಾಟ್ ಮಾಡಿದಾಗ ಬಾಟ್‌ಫಾದರ್ ಒಂದು ಉದ್ದನೆಯ ಟೋಕನ್ ಕೊಡ್ತದ. ಆ ಟೋಕನ್ ಯಾರ ಕೈಯಾಗ ಐತೋ ಅವರೇ ಆ ಬಾಟ್. ಎನ್8ಎನ್‌ನಲ್ಲಿ ಇಂಥ ಗುಟ್ಟು ಇಡಾಕಂತನ ಕ್ರೆಡೆನ್ಶಿಯಲ್ಸ್ ಅನ್ನೋ ಬೇರೆ ಜಾಗ ಐತಿ; ಅಲ್ಲಿ ಇಟ್ಟದ್ದು ಗೂಢಲಿಪಿಯಲ್ಲಿ ಉಳಿಯುತ್ತದೆ, ವರ್ಕ್‌ಫ್ಲೋ ಎಕ್ಸ್‌ಪೋರ್ಟ್ ಮಾಡಿದಾಗ ಆ ಗುಟ್ಟು ಜೊತೆಗೆ ಹೋಗುವುದಿಲ್ಲ. ನಾನು ಅಲ್ಲಿ ಇಡಲಿಲ್ಲ. ಒಂದು ವಿಡಿಯೊದಾಗ ತೋರಿಸಿದ ಹಂಗ ಎಚ್‌ಟಿಟಿಪಿ ರಿಕ್ವೆಸ್ಟ್ ನೋಡ್ ಹಾಕಿ, ಟೋಕನ್ನನ್ನ ಸೀದಾ ವಿಳಾಸದೊಳಗೇ ಅಂಟಿಸಿದೆ. ಟೆಲಿಗ್ರಾಂನ ಎಪಿಐ ವಿಳಾಸದಲ್ಲಿ ಟೋಕನ್ ಇರಲೇಬೇಕು, ಹಂಗಾಗಿ ಕೆಲಸ ಆತು. ಕೆಲಸ ಆತಂದ್ರ ಸರಿ ಐತಿ ಅಂತ ತಿಳ್ಕೊಂಡೆ.

ಆಮೇಲೆ ಕ್ಲಾಸ್ ಗ್ರೂಪ್‌ನಾಗ ಒಬ್ಬರು "ನಮಗೂ ಕಳ್ಸು" ಅಂದ್ರು. ಇಡೀ ವರ್ಕ್‌ಫ್ಲೋ ಫೈಲ್ ಕಳಿಸಿದೆ. ಟೋಕನ್ ಅದರಾಗ, ಚಾನೆಲ್ ಹೆಸರೂ ಅದರಾಗ. ಗ್ರೂಪಿನ್ಯಾಗ ತೊಂಬತ್ತು ಮಂದಿ. ಅವರು ಮುಂದ ಯಾರಿಗೆ ಕಳಿಸಿದರೋ ದೇವರಿಗೇ ಗೊತ್ತು. ಯಾರೋ ತಮಾಷೆಗೆ ಒಂದು ಮೆಸೇಜು ಹಾಕ್ಯಾರ. ಯಾರು ಅಂತ ಇವತ್ತಿಗೂ ಗೊತ್ತಿಲ್ಲ, ನಾನು ಹುಡುಕೋದೂ ಇಲ್ಲ.

ಕಳ್ಳನ್ನ ಬೈಯೋದಕ್ಕಿಂತ ಮೊದಲ ಒಂದು ಮಾತು ಒಪ್ಕೋಬೇಕು. ಚಾವಿ ಹಂಚಿದವ ನಾನು.

ಭಾಗ 4/10
ಫೋಟೊ: ಕೋಲ್ಡ್ ಸ್ಟೋರೇಜಿನ ಚೀಟಿ, ಮಡಚಿ ಮಡಚಿ ಹರಿಯಾಕ ಬಂದೈತಿ

ಆ ಸಂಜಿ ಕಾಕಾ ಬೈಯ್ಯಲಿಲ್ಲ. ಒಂದೇ ಪ್ರಶ್ನೆ ಕೇಳಿದ್ರು: "ತಮ್ಮಾ, ನಾ ನಿನಗ ಇನ್ನೂ ಏನೇನ್ ಕೊಟ್ಟೀನಿ?"

ನನಗ ಹೇಳಾಕ ಬರಲಿಲ್ಲ. ಜಿಮೇಲ್ ಪಾಸ್‌ವರ್ಡ್ ನನ್ನ ವಾಟ್ಸ್ಆ್ಯಪ್‌ನಾಗ ಐತಿ. ಅದೇ ಮೇಲ್‌ಗೆ ಬ್ಯಾಂಕಿನ ಸ್ಟೇಟ್‌ಮೆಂಟ್, ಜಿಎಸ್‌ಟಿ ಲೆಕ್ಕ ಎಲ್ಲಾ ಬರ್ತದ. ಒಂದು ಆ್ಯಪ್ ಪಾಸ್‌ವರ್ಡ್ ತಯಾರ್ ಮಾಡಿದ್ದೆ, ಅದು ಎಲ್ಲಿ ಬರೆದಿಟ್ಟೀನಿ ನೆನಪಿಲ್ಲ. ನಾನು ಅವರ ಅಂಗಡಿಯ ಅರ್ಧ ಚಾವಿಗೊಂಚಲು ಹಿಡ್ಕೊಂಡು ತಿರುಗಾಡಾಕತ್ತಿದ್ದೆ, ನನಗೇ ಗೊತ್ತಿರಲಿಲ್ಲ.

ಈಗ ಕಾಕಾ ತಮ್ಮ ಕೆಲಸ ಹೆಂಗ ಮಾಡ್ತಾರ ನೋಡ್ರಿ. ಮಾಲು ಕೋಲ್ಡ್ ಸ್ಟೋರೇಜಿನ್ಯಾಗ ಇರ್ತದ. ಹತ್ತು ಚೀಲ ಬೇಕಂದ್ರ ಹುಡುಗನ ಕೈಯಾಗ ಒಂದು ಚೀಟಿ ಕೊಟ್ಟು ಕಳಸ್ತಾರ: ಇಂಥ ಲಾಟ್, ಹತ್ತು ಚೀಲ, ಇವತ್ತಿನ ತಾರೀಖು, ಸಹಿ. ಆ ಚೀಟಿಗೆ ಹನ್ನೊಂದನೇ ಚೀಲ ಬರಂಗಿಲ್ಲ. ನಾಳೆ ಅದು ನಡೆಯಂಗಿಲ್ಲ. ಹುಡುಗ ಕಳ್ಕೊಂಡ್ರ ಒಂದು ಫೋನ್ ಮಾಡಿ "ಆ ಚೀಟಿ ಕ್ಯಾನ್ಸಲ್" ಅಂದ್ರ ಮುಗೀತು. ಅಂಗಡಿ ಚಾವಿ, ತಿಜೋರಿ ಚಾವಿ ಯಾವ ಹುಡುಗನ ಕೈಗೂ ಹೋಗಂಗಿಲ್ಲ. ಇದರಾಗ ಹುಡುಗನ ಮ್ಯಾಲೆ ಅಪನಂಬಿಕಿ ಏನೂ ಇಲ್ಲ, ಇದು ಪದ್ಧತಿ.

ಕಂಪ್ಯೂಟರ್ ಬಾರದ ಕಾಕಾನ ಪದ್ಧತಿ ಸರಿ ಇತ್ತು. ಕಂಪ್ಯೂಟರ್ ಓದೋ ನಾನು ಬಂದು ಅದನ್ನ ಕೆಡಿಸಿದೆ.

ಭಾಗ 5/10
ಫೋಟೊ: ಡಿಜಿಲಾಕರ್ ಪರದೆ. "ಅನುಮತಿ ಕೊಡ್ತೀರಾ?" ಅಂತ ಕೇಳ್ತಾ ಐತಿ

ಆ ಚೀಟಿಯ ಪದ್ಧತಿ ಇಂಟರ್ನೆಟ್‌ನಾಗೂ ಐತಿ. ಹೆಸರು ಓಆಥ್. ಮೊದಲ ರೂಪ 2007ರಲ್ಲಿ ಬಂತು, ಈಗ ಎಲ್ಲೆಡೆ ಬಳಸುವ 2.0 ರೂಪ 2012ರಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲು ಬೇರೆ ಆ್ಯಪ್‌ನಿಂದ ಟ್ವಿಟರ್‌ನಲ್ಲಿ ಬರೆಯಬೇಕಂದ್ರ ಆ ಆ್ಯಪ್‌ಗೆ ನಿಮ್ಮ ಟ್ವಿಟರ್ ಪಾಸ್‌ವರ್ಡೇ ಕೊಡಬೇಕಿತ್ತು. 2010ರ ಆಗಸ್ಟ್‌ನಲ್ಲಿ ಟ್ವಿಟರ್ ಅದನ್ನ ಬಂದ್ ಮಾಡಿತು. ಬರೀ ಪಾಸ್‌ವರ್ಡ್ ಹಿಡಕೊಂಡು ಬರೋ ಹೊರಗಿನ ಆ್ಯಪ್‌ಗಳನ್ನ ಗೂಗಲ್ ಸಾಮಾನ್ಯ ಖಾತೆಗಳಲ್ಲಿ 2022ರ ಮೇ 30ರಿಂದ ನಿಲ್ಲಿಸಿತು.

ಕೆಲಸ ಮಾಡೋದು ಹೀಂಗ: ಟೂಲ್ ನಿಮ್ಮನ್ನ ಗೂಗಲ್‌ನ ಸ್ವಂತ ಪುಟಕ್ಕ ಕಳಸ್ತದ. ಪಾಸ್‌ವರ್ಡ್ ನೀವು ಗೂಗಲ್‌ಗೆ ಮಾತ್ರ ಹೇಳ್ತೀರಿ, ಟೂಲ್‌ಗೆ ಅಲ್ಲ. ಗೂಗಲ್ ಕೇಳ್ತದ: ಇವರಿಗೆ ಇಂಥಿಂಥ ಅಧಿಕಾರ ಕೊಡಬೇಕೇನು? ನೀವು ಹೂಂ ಅಂದ್ರ ಟೂಲ್‌ಗೆ ಟೋಕನ್ ಸಿಗ್ತದ. ಅದೇ ಚೀಟಿ. ಯಾರಿಗೆ, ಏನು ಮಾಡಾಕ, ಎಲ್ಲಿ ತನಕ, ಎಲ್ಲಾ ಅದರಾಗ ಐತಿ. ಬ್ಯಾಡಾದಾಗ ನೀವೇ ಹರೀಬಹುದು.

ನಾವೆಲ್ಲಾ ಇದನ್ನ ಆಗಲೇ ಬಳಸೀವಿ. 2015ರಲ್ಲಿ ಶುರುವಾದ ಡಿಜಿಲಾಕರ್‌ನಿಂದ ಮಾರ್ಕ್ಸ್ ಕಾರ್ಡ್ ಬೇರೆ ತಾಣಕ್ಕ ಕೊಡುವಾಗ ಬರೋ ಅನುಮತಿ ಪುಟ ಇದೇ ಪದ್ಧತಿ. ಸಾಲಕ್ಕಂತ ಬ್ಯಾಂಕ್ ಲೆಕ್ಕ ತೋರಿಸಲು ರಿಸರ್ವ್ ಬ್ಯಾಂಕಿನ 2016ರ ನಿಯಮದಡಿ ಬಂದ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆಯೂ ಇದೇ ವಿಚಾರದ್ದು: ಯಾವ ಮಾಹಿತಿ, ಯಾತಕ್ಕ, ಎಷ್ಟು ದಿನ, ವಾಪಸ್ ತಗೊಳ್ಳೋ ಹಕ್ಕು ಯಾರದು.

ಇಷ್ಟೆಲ್ಲಾ ಇದ್ದೂ ನಾವು "ಪಾಸ್‌ವರ್ಡ್ ವಾಟ್ಸ್ಆ್ಯಪ್ ಮಾಡ್ರಿ" ಅಂತೀವಿ. ಯಾಕ?

ಭಾಗ 6/10
ಫೋಟೊ: ಕಾಕಾನ ಅಂಗಡಿ ಕೀಲಿ

ಮೊದಲನೇ ಸಬೂಬು: "ನಂಬಿಕಿ ಐತಲ್ಲ, ಅದಕ್ಕ."

ಈ ಮಾತು ಕೇಳಿದರೆ ನನಗೀಗ ಸಿಟ್ಟು ಬರ್ತದ. ಪಾಸ್‌ವರ್ಡ್ ಕೇಳೋದು ನಂಬಿಕಿ ಅಲ್ಲ, ಸೋಮಾರಿತನ. ನಾ ಯಾಕ ಕೇಳಿದ್ದೆ ಗೊತ್ತೇನು? ಮೊದಲ ಓಆಥ್‌ನಿಂದಲೇ ಜೋಡಿಸಿದ್ದೆ. ವಾರಕ್ಕೊಮ್ಮೆ ಕನೆಕ್ಷನ್ ಹರೀತಿತ್ತು. ನಿಮಗೂ ಆಗಿರಬೇಕು. ಗೂಗಲ್ ಕ್ಲೌಡ್‌ನಲ್ಲಿ ಪ್ರಾಜೆಕ್ಟ್ "ಟೆಸ್ಟಿಂಗ್" ಸ್ಥಿತಿಯಲ್ಲಿ ಇದ್ದರೆ ಅದು ಕೊಡುವ ರಿಫ್ರೆಶ್ ಟೋಕನ್ 7 ದಿನಕ್ಕೆ ಸಾಯುತ್ತದೆ. ಇದು ಅವರ ದಸ್ತಾವೇಜಿನಲ್ಲೇ ಬರೆದೈತಿ. ಓದಿದ್ರ ಹತ್ತು ನಿಮಿಷದ ಕೆಲಸ. ನಾನು ಓದಲಿಲ್ಲ. "ಆ್ಯಪ್ ಪಾಸ್‌ವರ್ಡ್ ಹಾಕು, ತಲಿನೋವು ಇಲ್ಲ" ಅಂತ ಯಾರೋ ಅಂದ್ರು. ಅದನ್ನ ಮಾಡಾಕ ಕಾಕಾನ ಖಾತೆಯೊಳಗ ಹೋಗಬೇಕು. ಬ್ಯಾಡಗಿಗೆ ಹೋಗಿ ಅವರ ಬಾಜೂಕ ಕೂತು ಮಾಡಬಹುದಿತ್ತು. ಒಂದು ರೈಲು. ಅದೂ ಬ್ಯಾಸರ ಆತು. ಪಾಸ್‌ವರ್ಡ್ ಕೇಳಿದೆ.

ನನ್ನ ಹತ್ತು ನಿಮಿಷದ ಓದು, ಒಂದು ರೈಲಿನ ಟಿಕೆಟ್ಟು. ಅದನ್ನ ಉಳಿಸಾಕ ಅವರ ಇಡೀ ಅಂಗಡಿ ಬಾಗಿಲು ತೆಗಿಸಿದೆ. ಹೆಸರು ಮಾತ್ರ ನಂಬಿಕಿ.

ಮತ್ತ ಒಂದು ಕೇಳ್ತೀನಿ. ಇ-ಟೆಂಡರ್‌ನಲ್ಲಿ ದರ ಹಾಕೋ ಖರೀದಿದಾರ ತಾ ಬರೆದ ದರ ಪಕ್ಕದವರಿಗೆ ತೋರಸ್ತಾರೇನು? ಇಪ್ಪತ್ತು ವರ್ಷದ ದೋಸ್ತಗೂ ತೋರಸಂಗಿಲ್ಲ. ದೋಸ್ತಿ ಬ್ಯಾರೆ, ಗುಟ್ಟು ಬ್ಯಾರೆ ಅಂತ ಇಡೀ ಮಾರ್ಕೆಟ್ಟಿಗೆ ಗೊತ್ತೈತಿ. ಗೊತ್ತಿಲ್ಲದಿರೋದು ನಮಗ, ಕಾಲೇಜು ಹುಡುಗರಿಗೆ.

ದೊಡ್ಡವರು ಕೇಳಿದ ಕೂಡಲೇ ಕೊಡ್ತಾರ. ಅದು ಅವರ ಅಜ್ಞಾನ ಅಂತ ನಗಬ್ಯಾಡ್ರಿ. ಅವರು ನಮ್ಮ ಓದನ್ನ ನಂಬ್ಯಾರ. ಆ ನಂಬಿಕಿಗೆ ತಕ್ಕಂಗ ಕಡಿಮಿ ಕೇಳೋದು ನಮ್ಮ ಜವಾಬ್ದಾರಿ.

ಭಾಗ 7/10
ಫೋಟೊ: ನನ್ನ ಹೆಬ್ಬೆರಳು

ಎರಡನೇ ಸಬೂಬು: "ನಮ್ಮ ಹಂತ್ಯಾಕ ಕದಿಯಾಕ ಏನೈತಿ?"

2023ರಲ್ಲಿ ನಮ್ಮ ರಾಜ್ಯದಾಗ ಏನಾತು ನೆನಪು ಮಾಡ್ಕೊಳ್ರಿ. ಬೆಂಗಳೂರು, ಮಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿದ ಮಂದಿಯ ಬ್ಯಾಂಕ್ ಖಾತೆಯಿಂದ ರೊಕ್ಕ ಹೋಗಾಕ ಹತ್ತಿತು. ಓಟಿಪಿ ಬರಲಿಲ್ಲ, ಯಾವ ಲಿಂಕೂ ಅವರು ಒತ್ತಿರಲಿಲ್ಲ. ಆಧಾರ್ ಸಂಖ್ಯೆ ಮತ್ತು ಬೆರಳಚ್ಚಿನಿಂದ ಹಣ ತೆಗೆಯುವ ಎಇಪಿಎಸ್ ಪದ್ಧತಿಯನ್ನು ಮೋಸಗಾರರು ಬಳಸಿದ್ದರು. ನೋಂದಣಿ ಕಾಗದದ ಮೇಲಿನ ಬೆರಳಚ್ಚನ್ನೇ ನಕಲು ಮಾಡಿದ್ದಾರೆ ಎಂಬುದು ಪೊಲೀಸರ ತನಿಖೆಯಲ್ಲಿ ಬಂತು. ಆಧಾರ್ ಬಯೊಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಎಂದು ಜನರಿಗೆ ಹೇಳಬೇಕಾಯಿತು.

ಆ ಮಂದಿ ಬೆರಳು ಒತ್ತಿದ್ದು ಆಸ್ತಿ ಕಾಗದಕ್ಕ. ಬ್ಯಾಂಕಿಗೆ ಅಲ್ಲ. ಒಂದು ಕೆಲಸಕ್ಕ ಕೊಟ್ಟದ್ದು ಇನ್ನೊಂದು ಬಾಗಿಲು ತೆಗೀತು. ಅದೂ ಎಂಥ ಚಾವಿ? ಬದಲಿಸಾಕ ಬಾರದ್ದು. ಪಾಸ್‌ವರ್ಡ್ ಹೋದರೆ ಹೊಸದು ಹಾಕಬಹುದು, ಹೆಬ್ಬೆರಳು ಎಲ್ಲಿಂದ ತರೋದು?

ನಾನು ಕಾಕಾಗ ಮಾಡಿದ್ದೂ ಅದೇ ಜಾತಿ ತಪ್ಪು. ಲೆಕ್ಕದ ಪಟ್ಟಿ ಕಳಸಾಕ ಜಿಮೇಲ್ ಕೇಳಿದೆ. ಆದರ ಜಿಮೇಲ್ ಕೈಗೆ ಬಂದ್ರ ಉಳಿದ ಎಷ್ಟೋ ಖಾತೆಗಳ "ಪಾಸ್‌ವರ್ಡ್ ಮರೆತಿದೆ" ಲಿಂಕು ಅಲ್ಲಿಗೇ ಬರ್ತದ. ಮೇಲ್ ಅಂದ್ರ ಒಂದು ಕೋಣಿ ಚಾವಿ ಅಲ್ಲ, ಎಲ್ಲಾ ಚಾವಿ ತೂಗುಹಾಕಿದ ಗೂಟ.

ಹಂಗಾಗಿ "ನಮ್ಮ ಹಂತ್ಯಾಕ ಏನೈತಿ" ಅನ್ನಬ್ಯಾಡ್ರಿ. ಹದಿನಾಲ್ಕು ಚೀಲ ಇಟ್ಕೊಂಡವರ ಕಡೆ ಹೋಗಿ ಕೇಳ್ರಿ, ಏನೈತಿ ಅಂತ.

ಭಾಗ 8/10
ಫೋಟೊ: ನೀಲಿ ಬಣ್ಣದ "ಅನುಮತಿಸು" ಗುಂಡಿ

ಮೂರನೇ ಸಬೂಬು ನಮ್ಮ ಕ್ಲಾಸಿನ ಜಾಣರದು: "ನಾ ಪಾಸ್‌ವರ್ಡ್ ಕೇಳೋದೇ ಇಲ್ಲ, ಓಆಥ್ ಬಳಸ್ತೀನಿ. ಅನುಮತಿಸು ಒತ್ತಿಸಿದ್ರ ಮುಗೀತು."

ಮುಗಿಯಂಗಿಲ್ಲ. 2017ರ ಮೇ 3ರಂದು ಬಹಳ ಮಂದಿಗೆ ಪರಿಚಯದವರಿಂದ ಒಂದು ಮೇಲ್ ಬಂತು: ಡಾಕ್ಯುಮೆಂಟ್ ಹಂಚಿಕೊಂಡಿದ್ದಾರೆ ಅಂತ. ಒತ್ತಿದರೆ ಗೂಗಲ್‌ನ ನಿಜವಾದ ಅನುಮತಿ ಪುಟ. ಅನುಮತಿ ಕೇಳ್ತಿದ್ದ ಆ್ಯಪ್‌ನ ಹೆಸರು "ಗೂಗಲ್ ಡಾಕ್ಸ್". ಆದರೆ ಅದು ಗೂಗಲ್‌ನದ್ದಾಗಿರಲಿಲ್ಲ, ಯಾರೋ ಹೊರಗಿನವರು ಆ ಹೆಸರಿಟ್ಟುಕೊಂಡಿದ್ದರು. ಅನುಮತಿಸು ಒತ್ತಿದವರ ಮೇಲ್‌ನಿಂದ ಅವರ ಪರಿಚಯದವರಿಗೆಲ್ಲಾ ಅದೇ ಮೇಲ್ ಹೋಯಿತು. ಒಂದು ಪಾಸ್‌ವರ್ಡೂ ಕಳುವಾಗಲಿಲ್ಲ. ಮಂದಿ ತಾವೇ ಚೀಟಿ ಬರೆದುಕೊಟ್ಟರು.

ಇನ್ನೊಂದು, 2025ರ ಆಗಸ್ಟ್. ಸೇಲ್ಸ್‌ಲಾಫ್ಟ್ ಕಂಪನಿಯ ಡ್ರಿಫ್ಟ್ ಎಂಬ ಚಾಟ್ ಸಾಧನವನ್ನು ನೂರಾರು ಕಂಪನಿಗಳು ತಮ್ಮ ಸೇಲ್ಸ್‌ಫೋರ್ಸ್ ಖಾತೆಗೆ ಜೋಡಿಸಿದ್ದವು. ಕಳ್ಳರು ಡ್ರಿಫ್ಟ್ ಹತ್ತಿರ ಇದ್ದ ಆ ಟೋಕನ್‌ಗಳನ್ನೇ ಕದ್ದು, 700ಕ್ಕೂ ಹೆಚ್ಚು ಸಂಸ್ಥೆಗಳ ಮಾಹಿತಿಗೆ ಕೈ ಹಾಕಿದರು. ಕ್ಲೌಡ್‌ಫ್ಲೇರ್, ಝೀಸ್ಕೇಲರ್, ಪಾಲೊ ಆಲ್ಟೊ ನೆಟ್‌ವರ್ಕ್ಸ್ ತಮಗೂ ಆಯಿತೆಂದು ಒಪ್ಪಿಕೊಂಡವು. ಮಂದಿಗೆ ಭದ್ರತೆ ಮಾರೋ ಕಂಪನಿಗಳು ಇವು! ತಡೆದದ್ದು ಹೆಂಗ? ಡ್ರಿಫ್ಟ್‌ನ ಎಲ್ಲಾ ಟೋಕನ್ ಒಂದೇ ಸಲಕ್ಕ ರದ್ದು ಮಾಡಿದರು.

ಎರಡು ಪಾಠ ಅದಾವ. ಚೀಟಿ ಕೂಡ ಕಳುವಾಗ್ತದ, ಅದಕ್ಕ ಅದರ ಮ್ಯಾಲೆ ಕಡಿಮಿ ಬರೀಬೇಕು. ಮತ್ತ ಚೀಟಿ ಹರೀಬಹುದು, ಅದಕ್ಕೇ ಅದು ಚಾವಿಗಿಂತ ಚಲೋ. ಹರಿಯೋದು ಹೆಂಗ ಅಂತ ಗೊತ್ತಿಲ್ಲದವ ಚೀಟಿ ಬರೆಸಿಕೊಳ್ಳಬಾರದು.

ಇಲ್ಲಿ ಟೂಲ್ ಮಾಡೋರ ಮ್ಯಾಲೂ ನನ್ನ ತಕರಾರು ಐತಿ. ಒಂದು ಶೀಟ್ ಓದಾಕ ಎಲ್ಲಾ ಶೀಟಿನ ಅಧಿಕಾರ ಯಾಕ ಕೇಳ್ತೀರಿ? ಓದಾಕ ಬಂದವರಿಗೆ ಅಳಿಸೋ ಅಧಿಕಾರ ಯಾಕ? ಮತ್ತ "ಕಮೆಂಟ್‌ನಾಗ ಆಟೊಮೇಷನ್ ಅಂತ ಬರೀರಿ, ವರ್ಕ್‌ಫ್ಲೋ ಫ್ರೀ" ಅನ್ನೋ ರೀಲ್ಸ್ ಅಣ್ಣಾರಿಗೂ ಒಂದು ಮಾತು: ಹದಿನೈದು ಸೆಕೆಂಡ್‌ನಾಗ ಜೋಡಿಸೋದು ತೋರಸ್ತೀರಿ. ಬಿಡಿಸೋದು ಯಾವ ರೀಲ್‌ನಾಗ ತೋರಸ್ತೀರಿ?

ಭಾಗ 9/10
ಫೋಟೊ: ಕಾಕಾನ ಲೆಕ್ಕದ ಪುಸ್ತಕದ ಕಡೇ ಹಾಳಿ. ಸೇವ್ ಮಾಡ್ಕೊಳ್ರಿ 👇

ಬರೇ ಬೈದ್ರ ಆಗಂಗಿಲ್ಲ. ನಾನೀಗ ಹಿಡಿದಿರೋ ದಾರಿ ಇದು.

1. ಪಾಸ್‌ವರ್ಡ್, ಓಟಿಪಿ ಕೇಳೋದೇ ಇಲ್ಲ. ಖಾತೆ ಯಾರದೋ ಅವರ ಬಾಜೂಕ ಕೂತು, ಅವರ ಫೋನಿನ್ಯಾಗ, ಅವರ ಬೆರಳಿಂದಲೇ ಅನುಮತಿ ಒತ್ತಸ್ತೀನಿ. ದೂರ ಇದ್ರ ಹೋಗ್ತೀನಿ, ಇಲ್ಲಾಂದ್ರ ಕೆಲಸ ಮುಂದ ಹಾಕ್ತೀನಿ.

2. ಅಂಗಡಿ ಆಟೊಮೇಷನ್‌ಗೆ ಬ್ಯಾರೆ ಗೂಗಲ್ ಖಾತೆ. ಬ್ಯಾಂಕು, ಜಿಎಸ್‌ಟಿ, ಮನಿ ಫೋಟೊ ಇರೋ ಖಾತೆ ಟೂಲ್‌ಗೆ ಜೋಡಿಸಂಗಿಲ್ಲ.

3. ಒಂದೇ ಶೀಟ್ ಬೇಕಂದ್ರ ಗೂಗಲ್ ಕ್ಲೌಡ್‌ನಲ್ಲಿ ಸರ್ವಿಸ್ ಅಕೌಂಟ್ ಮಾಡಿ, ಅದರ ಮೇಲ್ ವಿಳಾಸಕ್ಕೆ ಆ ಒಂದು ಶೀಟ್ ಮಾತ್ರ ಹಂಚಿಕೊಳ್ತೀನಿ. ಓದೋದಷ್ಟೇ ಇದ್ರ "ವ್ಯೂವರ್" ಅಂತ ಕೊಡ್ತೀನಿ. ಅದರ ಚಾವಿ ಫೈಲ್ ಕೂಡ ಗುಟ್ಟೇ, ಎಲ್ಲೂ ಕಳಸಂಗಿಲ್ಲ.

4. ಮೇಲ್ ಕಳಸೋದಷ್ಟೇ ಕೆಲಸ ಆದ್ರ ಕಳಸೋ ಅಧಿಕಾರ ಮಾತ್ರ. ಮೇಲ್ ಓದೋದು, ಅಳಿಸೋದು ಬ್ಯಾಡ.

5. ಟೋಕನ್, ಎಪಿಐ ಕೀ ಇರಬೇಕಾದ ಜಾಗ ಕ್ರೆಡೆನ್ಶಿಯಲ್ಸ್ ಮಾತ್ರ. ವಿಳಾಸದಾಗ, ಕೋಡ್ ನೋಡ್‌ನಾಗ, ಶೀಟಿನ ಮೂಲ್ಯಾಗ ಅಲ್ಲ. ಎನ್8ಎನ್ ನಿಮ್ಮದೇ ಸರ್ವರ್‌ನಾಗ ಇದ್ರ ಅದರ ಎನ್‌ಕ್ರಿಪ್ಶನ್ ಕೀ ಬ್ಯಾರೆ ಕಡೆ ಜೋಪಾನ ಇಡ್ರಿ, ಲಾಗಿನ್‌ಗೆ ಎರಡು ಹಂತದ ಪರಿಶೀಲನೆ ಹಾಕ್ರಿ, ಅಪ್‌ಡೇಟ್ ತಪ್ಪಿಸಬ್ಯಾಡ್ರಿ.

6. ವರ್ಕ್‌ಫ್ಲೋ ಹಂಚೋ ಮೊದಲು ಫೈಲ್ ತೆರೆದು ಟೋಕನ್ ಐತೇನು ಅಂತ ಹುಡುಕ್ತೀನಿ. ಸ್ಕ್ರೀನ್‌ಶಾಟ್‌ಗೂ ಅದೇ ನಿಯಮ.

7. ಕಾಕಾನ ಲೆಕ್ಕದ ಪುಸ್ತಕದಾಗ, ಕನ್ನಡದಾಗ, ಚೀಟಿಗಳ ಪಟ್ಟಿ: ಯಾವ ಟೂಲ್, ಯಾವ ಖಾತೆ, ಏನು ಅಧಿಕಾರ, ಯಾವ ತಾರೀಖು, ಹರಿಯೋದು ಹೆಂಗ.

8. ಕೆಲಸ ಮುಗಿದ ದಿನ ಹರಿಯೋದು. ಟೆಲಿಗ್ರಾಂ ಆದ್ರ ಬಾಟ್‌ಫಾದರ್‌ನಲ್ಲಿ ರಿವೋಕ್. ಗೂಗಲ್ ಆದ್ರ ಖಾತೆಯ ಭದ್ರತೆ ಪುಟದಲ್ಲಿ ಥರ್ಡ್ ಪಾರ್ಟಿ ಸಂಪರ್ಕಗಳ ಪಟ್ಟಿ. ಒಂದು ನೆನಪಿಡ್ರಿ: ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕ ಎಲ್ಲಾ ಟೋಕನ್ ಸಾಯಂಗಿಲ್ಲ. ಒಂದೊಂದಾಗಿ ತೆಗೀಬೇಕು.

ರೊಕ್ಕ ಹೋಗಿಬಿಟ್ಟಿದ್ರ ತಡ ಮಾಡದ 1930ಕ್ಕ ಫೋನ್ ಹಚ್ಚರಿ. ನಾಚಿಕಿ ಆಮೇಲೆ ಪಡಬಹುದು.

ಭಾಗ 10/10
ಫೋಟೊ: ಕರ್ಜಗಿ ಸ್ಟೇಷನ್. ಈ ಸಲ ರೈಲು ಹತ್ತಿದೆ

ಆ ರೈತರ ಗಾಡಿ ಬಾಡಿಗಿ ಕಾಕಾ ಕೊಟ್ರು. ಕಾಕಾಗ ನಾನು ಕಂತಿನ್ಯಾಗ ಕೊಡಾಕತ್ತೀನಿ. ಮೆಣಸಿನಕಾಯಿ ದರದಾಗ ಆದ ನಷ್ಟ ಯಾರೂ ತುಂಬಿಕೊಡಲಿಲ್ಲ, ಅದಕ್ಕ ಲೆಕ್ಕಾನೂ ಇಲ್ಲ. ಚಾನೆಲ್ ಈಗಲೂ ಐತಿ. ಹೊಸ ಬಾಟ್, ಹೊಸ ಟೋಕನ್. ಅರವತ್ತು ಮಂದಿ ಇದ್ದಲ್ಲಿ ಮೂವತ್ತೈದು ಮಂದಿ ಉಳಿದಾರ. ಉಳಿದವರೂ ಮೆಸೇಜು ಬಂದ ಮ್ಯಾಲೆ ಫೋನ್ ಮಾಡಿ "ಖರೇ ಏನ್ರಿ?" ಅಂತ ಕೇಳ್ತಾರ. ಅಂದ್ರ ನನ್ನ ಆಟೊಮೇಷನ್‌ನಿಂದ ಕಾಕಾಗ ಫೋನ್ ಕಡಿಮಿ ಆಗಲೇ ಇಲ್ಲ.

ಹೊಸದಾಗಿ ಜೋಡಿಸಾಕ ಬ್ಯಾಡಗಿಗೆ ಹೋದೆ. ಹಳೇ ಪದ್ಧತಿಯಂಗ ಗೂಗಲ್ ಅನುಮತಿ ಪುಟ ತೆರೆದು, ಒಂದೊಂದು ಸಾಲು ಕನ್ನಡದಾಗ ಓದಿ ಹೇಳಿದೆ: ನಿಮ್ಮ ಎಲ್ಲಾ ಶೀಟ್ ನೋಡೋದು, ತಿದ್ದೋದು, ಹೊಸದು ಮಾಡೋದು, ಅಳಿಸೋದು.

ಕಾಕಾ ಬೆರಳು ಮ್ಯಾಲೆ ಹಿಡಿದು ನಿಲ್ಲಿಸಿದ್ರು.

"ದರ ಓದಿ ಕಳಸೋದಲ್ಲ ಇದರ ಕೆಲಸ?"

"ಹೌದ್ರಿ ಕಾಕಾ."

"ಮತ್ತ ಅಳಿಸೋ ಅಧಿಕಾರ ಯಾಕ ಬೇಕು ಇದಕ್ಕ?"

ನನ್ನ ಹಂತ್ಯಾಕ ಉತ್ತರ ಇರಲಿಲ್ಲ. ಅವತ್ತು ಅವರು ಆ ಗುಂಡಿ ಒತ್ತಲೇ ಇಲ್ಲ. ಆ ಪ್ರಶ್ನೆಯಿಂದಲೇ ನಾನು ಸರ್ವಿಸ್ ಅಕೌಂಟ್, ಒಂದೇ ಶೀಟ್, ವ್ಯೂವರ್ ಅನ್ನೋ ದಾರಿ ಹುಡುಕಿದ್ದು. ಹೋದ ಭಾಗದ ಮೂರನೇ ನಿಯಮ ನನ್ನದಲ್ಲ, ಕಾಕಾಂದು.

ಹೊಸ ಟೂಲ್ ಬಂದಾಗ ಹಳಬರಿಗೆ ತಿಳಿಯಂಗಿಲ್ಲ ಅಂತ ನಾವು ಗೆದ್ದವರ ಹಂಗ ಮಾತಾಡ್ತೀವಿ. ಅವರಿಗೆ ತಿಳೀತದ. ಓದಿ ಹೇಳೋರು ಬೇಕು ಅಷ್ಟೇ. ನಾವು ಓದಿ ಹೇಳೋದು ಬಿಟ್ಟು, ಅವರ ಕೈಯಿಂದ ಫೋನ್ ಕಸ್ಕೊಂಡು ನಾವೇ ಒತ್ತತೀವಿ.

ಕ್ಲಾಸಿನ ದೋಸ್ತರಿಗೆ ಕಡೇ ಮಾತು. ನಿಮ್ಮ ಬಯೋದಾಗ "ಆಟೊಮೇಷನ್" ಅಂತ ಇದ್ರ, ಇವತ್ತ ರಾತ್ರಿ ಒಂದು ಹಾಳಿ ತಗೊಂಡು ಕೂಡ್ರಿ. ಯಾರ್ಯಾರ ಏನೇನು ನಿಮ್ಮ ಕೈಯಾಗ ಐತಿ, ಬರೀರಿ. ಅಪ್ಪನ ಮೇಲ್, ಮಾಮಾನ ಅಂಗಡಿ ಇನ್‌ಸ್ಟಾಗ್ರಾಂ, ಗೆಳತಿಯ ಹೊಲಿಗಿ ಪೇಜು. ಹಾಳಿ ತುಂಬೋ ಮೊದಲ ನೆನಪು ನಿಂತರೆ, ನಾನು ಆ ಸಂಜಿ ಕಾಕಾನ ಮುಂದ ನಿಂತ ಜಾಗದಾಗ ನೀವೂ ನಿಂತೀರಿ ಅಂತ ತಿಳ್ಕೊಳ್ರಿ.

ನಾಳೆ ಮುಂಜಾನೆ ಒಂದೊಂದಾಗಿ ಹರೀರಿ. ಹರಿದ ಮ್ಯಾಲೆ ಅವರಿಗೆ ಫೋನ್ ಮಾಡಿ ಹೇಳ್ರಿ.

#ಚಾವಿಅಲ್ಲಚೀಟಿ #ಕರ್ಜಗಿ #ಹಾವೇರಿ #ಬ್ಯಾಡಗಿ #ಆಟೊಮೇಷನ್ #ಪಾಸ್‌ವರ್ಡ್‌ಕೇಳಬ್ಯಾಡ್ರಿ